ಅಪ್‌ಡೇಟ್: ಗೆಳತಿಯ ಸಿನಿಮಾಕ್ಕೆ ದುಡ್ಡು ಸೇರಿತು!

ಬ್ರೂಕ್ಲಿನ್‌ನಲ್ಲಿರುವ ನನ್ನ ಗೆಳತಿ, ಕಪ್ಪು ಜನಾಂಗದ ಕ್ವಿಯರ್ ನಿರ್ದೇಶಕಿ. ಅವಳ ಪ್ರಯೋಗಾತ್ಮಕ ಸಿನಿಮಾಕ್ಕೆ ದುಡ್ಡು ಹೇಗೆ ಸೇರಿಸುವುದು ಅಂತ ಹಿಂದೆ ಕೇಳಿದ್ದೆ. ನೀವು ಹೇಳಿದ ಹಾಗೆ, ಜನರಿಂದ ದುಡ್ಡು ಸೇರಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ತಗ್ಗಿಸಿದೆವು. ಅಲ್ಲಿ ಗುರಿ ಮುಟ್ಟದಿದ್ದರೆ ಒಂದು ಡಾಲರೂ ಕೈಗೆ ಬರಲ್ಲ, ಅಲ್ವಾ? ಅವರ 5% ಶುಲ್ಕವನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡೆವು.

ಜಾಸ್ತಿ ಕೆಲಸಕ್ಕೆ ಬಂದಿದ್ದು ಫಿಲ್ಮ್ ರೀಲಿನ ಲೆಕ್ಕ. 100 ಅಡಿಯ 16 ಎಂಎಂ ರೀಲು ಓಡುವುದು ಸುಮಾರು 2 ನಿಮಿಷ 45 ಸೆಕೆಂಡು ಅಷ್ಟೇ. "ಒಂದು ರೀಲು ನಿಮ್ಮದಾಗಲಿ" ಅಂತ ಒಂದು ರೀಲಿನ ಖರ್ಚು ಕೇಳಿದಾಗ ಜನ ಕೈಬಿಚ್ಚಿ ಕೊಟ್ಟರು. ಅವಳ ಅಜ್ಜಿಯ ಚರ್ಚಿನ ಹೆಂಗಸರು ಒಂದು ಲಕೋಟೆ ಕೊಟ್ಟರು. ಒಳಗೆ ಮಡಚಿದ 20 ಡಾಲರಿನ ನೋಟುಗಳು, ಮೇಲೆ ಪೆನ್ಸಿಲ್‌ನಲ್ಲಿ ಬರೆದ ಅವಳ ಹೆಸರು. ಅದನ್ನು ಹಿಡಿದುಕೊಂಡು ಅವಳು ತುಂಬಾ ಹೊತ್ತು ಅತ್ತಳು. ನಾನೂ ಅತ್ತೆ.

ಮುಂದಿನ ವಾರ ಶೂಟಿಂಗ್ ಶುರು.