ಗೊಬ್ಬರ ಹಾಕಿಯೂ ರಾಗಿ ಯಾಕೆ ಹಳದಿ ಬಿತ್ತು

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಪುಟ್ಟ ಗ್ರೂಪಿನಲ್ಲಿ ಕೇಳಿದ್ದನ್ನು ನೋಡಿದೆ. ಆಗ ಹಾಲು ಕರೆಯುತ್ತಿದ್ದೆ, ಈಗ ಕೂತು ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ಪುಟ್ಟ, ನೀನು ಹೇಳಿದ್ದು ಇಷ್ಟು ಅಲ್ವಾ? ಹೋದ ವರ್ಷ ಕೆಳಗಿನ ಹೊಲಕ್ಕೆ, ಎಕರೆಗೆ ಮೂರು ಟನ್ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರ ಹೊಡೆಸಿದೆ. ಯೂರಿಯಾ ಹಾಕಲಿಲ್ಲ. ತಿಂಗಳಾಗುವಷ್ಟರಲ್ಲಿ ರಾಗಿ ಹಳದಿ ಬಿತ್ತು. ನಮ್ಮ ಗೊಬ್ಬರದಲ್ಲಿ ಸತ್ವವೇ ಇಲ್ಲ, ಈ ಸಲ ಎಕರೆಗೆ ಎರಡು ಲೋಡ್ ಕೋಳಿ ಗೊಬ್ಬರ ತರಿಸಲಾ ಅಂತ ಕೇಳಿದ್ದೀಯ.

ಬೇಡ ಮಗಾ. ಮೊದಲು ಲೆಕ್ಕ ನೋಡು. ಪೈರನ್ನು ಹಸಿರಾಗಿ ಇಡುವುದು ಸಾರಜನಕ, ಅಂದರೆ ನೈಟ್ರೋಜನ್. ಕೊಟ್ಟಿಗೆ ಗೊಬ್ಬರದಲ್ಲಿ ಅದು ನೂರಕ್ಕೆ ಅರ್ಧ ಭಾಗ, ಅಂದರೆ 0.5%. ಮೂರು ಟನ್ನಿಗೆ 15 ಕೆಜಿ ಆಯಿತು. ಅದರಲ್ಲಿ ಮೊದಲ ಬೆಳೆಗೆ ಸಿಗುವುದು ಸುಮಾರು ಕಾಲು ಭಾಗ. ನಾಲ್ಕು ಕೆಜಿ ಅಂದುಕೋ. ಮಳೆ ನಂಬಿದ ರಾಗಿಗೆ ಎಕರೆಗೆ 20 ಕೆಜಿ ಸಾರಜನಕ ಬೇಕು ಅನ್ನುವುದು ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಹಳದಿ ಬೀಳದೆ ಇನ್ನೇನಾಗುತ್ತದೆ? ಉಳಿದಿದ್ದು ಎಲ್ಲೂ ಹೋಗಿಲ್ಲ, ಮಣ್ಣಲ್ಲೇ ಇದೆ. ಮುಂದಿನ ವರ್ಷ, ಅದರ ಮುಂದಿನ ವರ್ಷ ನಿಧಾನಕ್ಕೆ ಬಿಡುತ್ತದೆ. ಒಂದು ವರ್ಷ ಹಾಕಿ ಎರಡು ವರ್ಷ ಬಿಟ್ಟರೆ ಹೊಲಕ್ಕೆ ಈ ಬಲ ಕೂಡುವುದೇ ಇಲ್ಲ.

ನನಗೆ ಜಾಸ್ತಿ ಸಂಕಟ ಆಗುವುದು ಹೊಲದ ವಿಷಯಕ್ಕಲ್ಲ. ಹೊಲ ಮುಟ್ಟುವ ಮೊದಲೇ ನಾವು ಕಳೆದುಕೊಳ್ಳುತ್ತೇವಲ್ಲ, ಅದಕ್ಕೆ. ಹಸುವಿನ ಮೈಯಿಂದ ಹೊರಗೆ ಬರುವ ಸಾರಜನಕದಲ್ಲಿ ಹೆಚ್ಚೂಕಡಿಮೆ ಅರ್ಧ ಇರುವುದು ಗಂಜಲದಲ್ಲಿ. ಸಗಣಿಯನ್ನು ಬುಟ್ಟಿಗೆ ತುಂಬುತ್ತೇವೆ, ಗಂಜಲವನ್ನು ನೀರು ಹಾಕಿ ಚರಂಡಿಗೆ ತಳ್ಳುತ್ತೇವೆ. ಒಂದು ಸೀಮೆ ಹಸು ವರ್ಷಕ್ಕೆ ಬಿಡುವ ಗಂಜಲದಲ್ಲಿ ಒಂದು ಚೀಲ ಯೂರಿಯಾದಲ್ಲಿ ಇರುವುದಕ್ಕಿಂತ ಜಾಸ್ತಿ ಸಾರಜನಕ ಇರುತ್ತದೆ. ನಿಮ್ಮ ಮನೆಯಲ್ಲಿ ಮೂರು ಹಸು ಇವೆ. ಕೊಟ್ಟಿಗೆ ಗುಡಿಸುವುದು ನಿನ್ನ ಅಮ್ಮ. ಈ ಮಾತನ್ನು ಅವಳ ಹತ್ತಿರ ಕೂತು ಮಾತಾಡು, ಟ್ರ್ಯಾಕ್ಟರ್ ಓಡಿಸುವವರ ಹತ್ತಿರ ಅಲ್ಲ.

ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುತ್ತದಲ್ಲ, ಕಣ್ಣು ಉರಿಯುವ ಹಾಗೆ? ಅದು ಅಮೋನಿಯಾ, ಸಾರಜನಕ ಇರುವ ಅನಿಲ. ಗಂಜಲದಲ್ಲೂ ಇರುವುದು ಯೂರಿಯಾನೇ. ಸಗಣಿ ಸೋಕಿದ ಕೂಡಲೇ ಒಡೆಯುವುದಕ್ಕೆ ಶುರುವಾಗುತ್ತದೆ, ಒಂದೆರಡು ದಿನದಲ್ಲಿ ಗಾಳಿಗೆ ಹೋಗುತ್ತದೆ. ನಿನ್ನ ರಾಗಿಗೆ ಸೇರಬೇಕಾದದ್ದು ಆ ವಾಸನೆಯಲ್ಲಿ ಹೋಗುತ್ತಿದೆ.

ತಡೆಯುವುದು ಕಷ್ಟ ಇಲ್ಲ. ರಾತ್ರಿ ದನದ ಕಾಲಡಿಗೆ ಹುಲ್ಲು, ತರಗೆಲೆ, ಒಣಮಣ್ಣು ಏನಾದರೂ ಹಾಸು. ಅದು ಗಂಜಲ ಹೀರಿಕೊಳ್ಳುತ್ತದೆ. ಮಲೆನಾಡಿನ ಕಡೆ ಇವತ್ತಿಗೂ ಕೊಟ್ಟಿಗೆಗೆ ಸೊಪ್ಪು ಹಾಸುತ್ತಾರೆ. ಶಿರಸಿ ಕಡೆಯ ಅಡಿಕೆ ತೋಟದವರಿಗೆ ಅದಕ್ಕೇ ಸೊಪ್ಪಿನ ಬೆಟ್ಟ ಅಂತ, ಸೊಪ್ಪು ಕಡಿದು ತರಲು ಬಿಟ್ಟ ಕಾಡು ಇದೆ. ನಮ್ಮ ಬಯಲುಸೀಮೆಯಲ್ಲಿ ಸೊಪ್ಪಿಲ್ಲ, ಆದರೆ ದನ ತಿಂದು ಬಿಟ್ಟ ಹುಲ್ಲು ಬೇಕಾದಷ್ಟು ಇದೆ. ಮೇಲೆ ಸ್ವಲ್ಪ ಜಿಪ್ಸಮ್ ಅಥವಾ ಸೂಪರ್ ಫಾಸ್ಫೇಟ್ ಉದುರಿಸಿದರೆ ಅಮೋನಿಯಾವನ್ನು ಇನ್ನಷ್ಟು ಹಿಡಿದಿಡುತ್ತದೆ. ಒಲೆ ಬೂದಿಯನ್ನು ಮಾತ್ರ ತಿಪ್ಪೆಗೆ ಸುರಿಯಬೇಡಿ. ಬೂದಿ ಕ್ಷಾರ, ಅದು ಸೇರಿದರೆ ಅಮೋನಿಯಾ ಇನ್ನೂ ಬೇಗ ಹಾರುತ್ತದೆ. ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಿ, ಅಲ್ಲಿ ಪೊಟ್ಯಾಷ್ ಬೇಕು.

ಆಮೇಲೆ ತಿಪ್ಪೆ. ರಸ್ತೆ ಪಕ್ಕ ಗುಡ್ಡೆ ಹಾಕಿದರೆ ಬಿಸಿಲಿಗೆ ಒಣಗುತ್ತದೆ, ಮಳೆಗೆ ಕರಿ ನೀರು ಇಳಿದು ಹೋಗುತ್ತದೆ. ಆ ಕರಿ ನೀರೇ ಸಾರ. ಆರೇಳು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ ತೆಗೆಸು. ಒಂದು ತುದಿಯಿಂದ ತುಂಬುತ್ತಾ ಬಾ. ನೆಲದಿಂದ ಒಂದೂವರೆ ಅಡಿ ಮೇಲೆ ಬಂದಾಗ ಆ ಭಾಗವನ್ನು ಸಗಣಿ ಮಣ್ಣಿನಿಂದ ಮೆತ್ತು. ನಾಲ್ಕೈದು ತಿಂಗಳಿಗೆ ಗೊಬ್ಬರ ಪುಡಿಪುಡಿ ಆಗಿ ಬರುತ್ತದೆ. ಮೇಲೆ ತೆಂಗಿನ ಗರಿ ಮುಚ್ಚಿದರೂ ಎಷ್ಟೋ ಉಳಿಯುತ್ತದೆ.

ಅರ್ಧ ಕಳಿತ ಗೊಬ್ಬರ ಹೊಲಕ್ಕೆ ಬೇಡ. ನಮಗೂ ಒಂದು ವರ್ಷ ಹಾಗಾಗಿತ್ತು. ಹುಲ್ಲು ಹುಲ್ಲಾಗಿ ಇದ್ದಾಗಲೇ ಅವಸರಕ್ಕೆ ಹೊಡೆಸಿದೆವು, ಪೈರು ಏಳಲೇ ಇಲ್ಲ. ಆ ಹುಲ್ಲನ್ನು ಕರಗಿಸಲು ಮಣ್ಣಿನ ಜೀವಾಣುಗಳಿಗೇ ಸಾರಜನಕ ಬೇಕು. ಪೈರಿನ ಬಾಯಿಂದ ಕಿತ್ತುಕೊಂಡವು. ಎರಡೂವರೆ ತಿಂಗಳು ಅದನ್ನು ನೋಡುತ್ತಾ ಹೊಟ್ಟೆ ಉರಿದುಹೋಯಿತು.

ಈಗ ಹೊಲದ ವಿಷಯ. ಯುಗಾದಿ ಕಳೆದ ಮೇಲೆ ಎಲ್ಲರೂ ಗೊಬ್ಬರ ಹೊಡೆದು ಸಣ್ಣ ಸಣ್ಣ ಗುಪ್ಪೆ ಮಾಡಿ ಬಿಡುತ್ತಾರೆ. ಮಳೆ ಬಂದ ಮೇಲೆ ಎರಚಿದರಾಯಿತು ಅಂತ. ಒಂದೂವರೆ ತಿಂಗಳು ಬಿಸಿಲಲ್ಲಿ ಬಿದ್ದಿರುತ್ತದೆ. ಸೆಪ್ಟೆಂಬರಿನಲ್ಲಿ ನಿನ್ನ ಹೊಲವನ್ನು ಬದುವಿನ ಮೇಲೆ ನಿಂತು ನೋಡು. ಗುಪ್ಪೆ ಇದ್ದ ಜಾಗದಲ್ಲೆಲ್ಲ ರಾಗಿ ಕಡು ಹಸಿರು, ಸೊಂಪಾಗಿ ಬೆಳೆದು ಮಲಗಿರುತ್ತದೆ. ಸುತ್ತ ಹಳದಿ. ಮಳೆಗೆ ಸಾರವೆಲ್ಲ ಗುಪ್ಪೆಯ ಅಡಿಗೆ ಇಳಿದಿದೆ, ನೀನು ಆಮೇಲೆ ಎರಚಿದ್ದು ಬರೀ ಚರಟ. ಈ ಸಲ ಹೀಗೆ ಮಾಡು. ಗೊಬ್ಬರ ಗುಂಡಿಯಲ್ಲೇ ಇರಲಿ. ಹದ ಮಳೆ ಬಿದ್ದು ನೆಲ ಉಳುಮೆಗೆ ಬಂದಾಗ, ಬಿತ್ತನೆಗೆ ಎರಡು ಮೂರು ವಾರ ಮೊದಲು ಹೊಡೆಸು. ಹೊಡೆದ ದಿನವೇ ಎರಚು, ಎರಚಿದ ದಿನವೇ ಕಲ್ಟಿವೇಟರ್ ಹೊಡೆದು ಮಣ್ಣಿಗೆ ಸೇರಿಸು. ಬೆಳಿಗ್ಗೆ ಎರಚಿ ಮರುದಿನ ಉಳುತ್ತೇನೆ ಅನ್ನಬೇಡ. ಮೊದಲ ದಿನವೇ ನಷ್ಟ ಜಾಸ್ತಿ.

ಕುರಿ ಮಂದೆ ನಿಲ್ಲಿಸಿದರೂ ಇದೇ ಮಾತು. ಹಿರಿಯರು ಕುರಿಯವರನ್ನು ಕರೆದು, ರಾಗಿ ಕೊಟ್ಟು ಹೊಲದಲ್ಲಿ ರಾತ್ರಿ ಮಂದೆ ಹಾಕಿಸುತ್ತಿದ್ದರು. ಹಿಕ್ಕೆಯ ಜೊತೆ ಗಂಜಲವೂ ನೇರ ಮಣ್ಣಿಗೆ ಬೀಳುತ್ತದೆ, ಅದೇ ಅದರ ದೊಡ್ಡ ಗುಣ. ಆದರೆ ಮಂದೆ ಎದ್ದ ಮೇಲೆ ಬೇಗ ಕುಂಟೆ ಹೊಡೆಯಬೇಕು.

ಇನ್ನು ಕೋಳಿ ಗೊಬ್ಬರ. ಅದರಲ್ಲಿ ಸಾರಜನಕ ಸುಮಾರು 3%, ಹೊಟ್ಟು ಜಾಸ್ತಿ ಸೇರಿದ್ದರೆ ಕಡಿಮೆ. ಮೊದಲ ಬೆಳೆಗೇ ಅರ್ಧದಷ್ಟು ಸಿಗುತ್ತದೆ. ಒಂದು ಟನ್ನಿಗೇ ಹದಿನೈದು ಕೆಜಿ ಬಂತು ನೋಡು. ಎರಡು ಲೋಡ್ ಹಾಕಿದರೆ ರಾಗಿ ಪೂರ್ತಿ ಮಲಗುತ್ತದೆ. ಮಿಕ್ಕಿದ್ದು ಕೆಂಪು ಮಣ್ಣಿನಲ್ಲಿ ಜೋರು ಮಳೆಗೆ ಕೆಳಗಿಳಿದು ಬಾವಿ ನೀರು ಸೇರುತ್ತದೆ. ಅದನ್ನು ಕುಡಿಯುವವರು ನಾವೇ.

ಯೂರಿಯಾ ಪೂರ್ತಿ ಬಿಡು ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಒಂದೇ ಜಾಗದಲ್ಲಿ ರಾಗಿ ಬೆಳೆದು ನೋಡುತ್ತಾ ಬಂದಿದ್ದಾರೆ. ಕೊಟ್ಟಿಗೆ ಗೊಬ್ಬರ ಮತ್ತು ರಸಗೊಬ್ಬರ ಎರಡೂ ಸೇರಿಸಿದ ಕಡೆಯೇ ಇಳುವರಿ ಚೆನ್ನಾಗಿ ಬಂದಿದೆ. ಗೊಬ್ಬರದಿಂದ ಬರುವ ನಾಲ್ಕು ಕೆಜಿ ಕಳೆದು, ಉಳಿದ 16ಕ್ಕೆ ಎಕರೆಗೆ 35 ಕೆಜಿ ಯೂರಿಯಾ ಸಾಕು. ಅರ್ಧ ಬಿತ್ತುವಾಗ, ಉಳಿದರ್ಧ ಒಂದು ತಿಂಗಳಾದ ಮೇಲೆ ಕಳೆ ತೆಗೆದು, ನೆಲ ಹಸಿ ಇರುವಾಗ. ವರ್ಷ ವರ್ಷ ಗೊಬ್ಬರ ಬೀಳುತ್ತಾ ಹೋದರೆ ಆ ಯೂರಿಯಾ ಕೂಡ ಕಡಿಮೆ ಮಾಡಿಕೊಂಡು ಬರಬಹುದು.

ಒಂದು ಕೇಳಬೇಕಿತ್ತು. ನಿಮ್ಮ ಕೊಟ್ಟಿಗೆ ನೆಲ ಈಗಲೂ ಮಣ್ಣೋ, ಇಲ್ಲ ಕಲ್ಲು ಹಾಸಿದ್ದೀರೋ? ಒಂದು ಫೋಟೋ ಹಾಕು. ಇಳಿಜಾರು ಯಾವ ಕಡೆ ಇದೆ ಅಂತ ನೋಡಿ, ಗಂಜಲ ಗುಂಡಿಗೆ ಹರಿಯಲು ಕಾಲುವೆ ಎಲ್ಲಿ ತೆಗೆಯಬೇಕು ಅಂತ ಸಂಜೆ ಹೇಳುತ್ತೇನೆ.