ಸೈಕಲ್ಲಿನ ‘ರೀಚ್’ಗೆ ಎಟುಕು ಅನ್ನೋಣವೇ, ನಿಲುಕು ಅನ್ನೋಣವೇ?

ಎಲ್ಲರಿಗೂ ನಮಸ್ಕಾರ. ಗಿಡ್ಡ ಆಳ್ತನದವರು ದಿನಾ ಕೆಲಸಕ್ಕೆ ಹೋಗಿಬರಲು ಸೈಕಲ್ಲನ್ನು ಹೇಗೆ ಹೊಂದಿಸಿಕೊಳ್ಳಬೇಕು ಅಂತ ಒಂದು ಪುಟದಲ್ಲಿ ಬರೆಯುತ್ತಿದ್ದೇನೆ. ಕ್ಯಾರಿಯರ್, ಮಡ್‌ಗಾರ್ಡ್, ಚೈನ್ ಕವರ್ ಎಲ್ಲರ ಬಾಯಲ್ಲೂ ಇವೆ, ಅವಕ್ಕೆ ಬೇರೆ ಪದ ಬೇಡ. ತೊಡಕಿರುವುದು ಅಳತೆಯ ಮಾತಿನಲ್ಲಿ.

ಅಂಗಡಿಯಲ್ಲಿ ‘ಇಪ್ಪತ್ತಾರರ ಸೈಕಲ್’ ಅಂದರೆ ಇಂಚಿನಲ್ಲಿ ಚಕ್ರದ ಅಳತೆ. ನಮ್ಮ ಮೈಗೆ ಹೊಂದುತ್ತೋ ಇಲ್ವೋ ಅಂತ ಹೇಳೋದು ಚಕ್ರ ಅಲ್ಲ, ಫ್ರೇಮು. ಚಕ್ರಕ್ಕೂ ಆ ಮಾತು ಸಾಲದು. ಟಯರು ಕೂರುವ ಜಾಗದಲ್ಲಿ ರಿಮ್ಮಿನ ಅಡ್ಡಳತೆ ನೋಡಿದರೆ, 26 × 1 3/8 ಟಯರಿನದು 590 ಮಿ.ಮೀ., 26 × 1.95 ಟಯರಿನದು 559 ಮಿ.ಮೀ. ಎರಡೂ ಇಪ್ಪತ್ತಾರೇ, ಆದರೆ ಒಂದರ ಟಯರು ಇನ್ನೊಂದಕ್ಕೆ ಕೂರಲ್ಲ.

‘ಎತ್ತರ’ದ್ದೂ ಇದೇ ಕಥೆ. ಸೀಟಿನ ಎತ್ತರ ಸುಲಭ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮುಂಗಾಲಲ್ಲಿ ತುಳಿಯುವಾಗ ಮಂಡಿ ತುಸು ಬಾಗಿರುತ್ತೆ. ಆದರೆ ‘ಸೈಕಲ್ ಎತ್ತರ ಆಯ್ತು’ ಅನ್ನುವವರ ತೊಂದರೆ ಎಷ್ಟೋ ಸಲ ಸೀಟಲ್ಲ. ಸಿಗ್ನಲ್‌ನಲ್ಲಿ ಸೀಟಿಂದ ಮುಂದಕ್ಕಿಳಿದು ನಿಂತರೆ ಬಾರು, ಅಂದರೆ ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಫ್ರೇಮಿನ ಮೇಲಿನ ಕೊಳವೆ, ತಗುಲುತ್ತೆ. ಅದಕ್ಕೆ ಬಾರು ತಗ್ಗಿರುವ ಫ್ರೇಮೇ ಬೇಕು. ನಾವು ಅದನ್ನು ‘ಲೇಡೀಸ್ ಸೈಕಲ್’ ಅಂತ ಕರೆದು ಅರ್ಧ ಜನರನ್ನು ದೂರ ಇಟ್ಟಿದ್ದೇವೆ ಅಲ್ವಾ? ಗಿಡ್ಡಗಿರುವ ಗಂಡಸರಿಗೂ, ಮಂಡಿ ನೋವಿರುವ ಹಿರಿಯರಿಗೂ, ಪಂಚೆ ಉಡುವವರಿಗೂ ಅದೇ ಸಲೀಸು. ಸದ್ಯಕ್ಕೆ ‘ತಗ್ಗುಬಾರಿನ ಸೈಕಲ್’ ಅಂತ ಬರೆದಿದ್ದೇನೆ. ನಿಮ್ಮ ಕಡೆ ಬೇರೆ ಹೆಸರಿದ್ದರೆ ಹೇಳಿ.

ಈಗ ಮುಖ್ಯ ಪ್ರಶ್ನೆ. ಸೀಟಿನಿಂದ ಹ್ಯಾಂಡಲ್‌ಗೆ ಕೈ ಚಾಚುವ ದೂರ, ಹ್ಯಾಂಡಲ್‌ನಿಂದ ಬ್ರೇಕಿಗೆ ಬೆರಳು ಚಾಚುವ ದೂರ, ಎರಡಕ್ಕೂ ಇಂಗ್ಲಿಷಿನಲ್ಲಿ ರೀಚ್ ಅಂತಾರೆ. ಮೊದಲನೆಯದು ಜಾಸ್ತಿಯಾದರೆ ಬೆನ್ನು, ಭುಜ ನೋಯುತ್ತವೆ. ಆಗ ಸೀಟನ್ನು ಸುಮ್ನೆ ಮುಂದಕ್ಕೆ ತಳ್ಳಬಾರದು, ಪೆಡಲ್ ತುಳಿಯುವ ಲೆಕ್ಕ ಕೆಡುತ್ತೆ. ಗಿಡ್ಡ ಸ್ಟೆಮ್ (ಹ್ಯಾಂಡಲ್ಲನ್ನು ಸೈಕಲ್ಲಿನ ಮುಂಭಾಗಕ್ಕೆ ಹಿಡಿದಿಡುವ ತುಂಡು) ಹಾಕಿಸುವುದೇ ಸರಿ. ಎರಡನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ಪುಟ್ಟ ಕೈಯವರಿಗೆ ಬ್ರೇಕ್ ಹಿಡಿ ಬೆರಳ ತುದಿಗಷ್ಟೇ ಸಿಗುತ್ತೆ, ಒತ್ತಲು ಬಲ ಬರಲ್ಲ. ಎಷ್ಟೋ ಸೈಕಲ್ಲುಗಳಲ್ಲಿ ಆ ಹಿಡಿಯ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತೆ. ಅದನ್ನು ಒಳಕ್ಕೆ ತಿರುಗಿಸಿದರೆ ಹಿಡಿ ಹತ್ತಿರ ಬರುತ್ತೆ. ಆಮೇಲೆ ಕೇಬಲ್ಲಿನ ಬಿಗಿ ನೋಡಲೇಬೇಕು. ಸಡಿಲ ಇದ್ದರೆ ಬ್ರೇಕ್ ಹತ್ತುವ ಮೊದಲೇ ಹಿಡಿ ಹೋಗಿ ಹ್ಯಾಂಡಲ್ಲಿಗೆ ತಾಗುತ್ತೆ.

‘ಬ್ರೇಕು ಕೈಗೆ ಎಟುಕಲ್ಲ’ ಅಂತ ಮಾತಲ್ಲಿ ಸಲೀಸಾಗಿ ಬರುತ್ತೆ. ಆದರೆ ‘ಬ್ರೇಕಿನ ಎಟುಕು ಕಡಿಮೆ ಮಾಡಿ’ ಅಂದರೆ ನಿಮಗೆ ತಕ್ಷಣ ತಿಳಿಯುತ್ತಾ? ‘ನಿಲುಕು’ ನಾಮಪದವಾಗಿ ಬಳಕೆಯಲ್ಲಿದೆ, ಆದರೆ ನನ್ನ ಕಿವಿಗೆ ಅದು ಬುದ್ಧಿಗೆ, ಊಹೆಗೆ ಸೇರಿದ ಮಾತಾಗಿ ಕೇಳುತ್ತೆ. ‘ಚಾಚು’ ಅಂದರೆ ಹ್ಯಾಂಡಲ್ಲಿಗೆ ಸರಿ, ಬೆರಳಿಗೆ ಅಷ್ಟು ಹೊಂದಲ್ಲ. ಎರಡು ಜಾಗಕ್ಕೆ ಎರಡು ಪದ ಇಟ್ಟುಕೊಂಡರೂ ನನಗೆ ಒಪ್ಪಿಗೆಯೇ. ಸೈಕಲ್ ರಿಪೇರಿ ಮಾಡುವವರು ನಿಮ್ಮ ಊರಲ್ಲಿ ಏನನ್ನುತ್ತಾರೆ, ಒಮ್ಮೆ ಕೇಳಿ ತಿಳಿಸುತ್ತೀರಾ?