ಚೆಸ್‌ನ ಸಿಸಿಲಿಯನ್ ಆರಂಭದಲ್ಲಿ 12ನೇ ನಡೆಗೇ ರಾಣಿ ಹೋಯ್ತು, ತಪ್ಪಿದ್ದೆಲ್ಲಿ?

ಕಪ್ಪುಕಾಯಿ:
ನಿನ್ನೆ ಕ್ಲಬ್‌ನಲ್ಲಿ 15 ನಿಮಿಷದ ಆಟ, ನನ್ನದು ಕಪ್ಪು. ಎದುರಿಗೆ ರಿಟೈರ್ಡ್ ಮೇಷ್ಟ್ರೊಬ್ಬರು. ಅವರ ಇ4ಗೆ ಸಿ5 ಆಡಿ (ಅಕ್ಷರ-ಅಂಕಿ ಅಂದ್ರೆ ಬೋರ್ಡ್‌ನ ಮನೆ) ಆಕ್ಸಿಲರೇಟೆಡ್ ಡ್ರ್ಯಾಗನ್ ಅನ್ನೋ ಸಿಸಿಲಿಯನ್ ಬಗೆಗೆ ಹೋದೆ. ಜಿ7ಗೆ ಒಂಟೆ, ಎಫ್6ಗೆ ಕುದುರೆ, ಕ್ಯಾಸಲಿಂಗ್ (ರಾಜನನ್ನು ಆನೆ ಪಕ್ಕ ಭದ್ರ ಮಾಡೋ ನಡೆ), ಎಲ್ಲಾ ಸಲೀಸು. ಅವರ ಒಂದು ಒಂಟೆ ಇ3ರಲ್ಲಿ, ಇನ್ನೊಂದು ಸಿ4ರಿಂದ ಬಿ3ಕ್ಕೆ ಹೋಯ್ತು. ಅದನ್ನು ಹೊಡೆಯೋಣ ಅಂತ 8ನೇ ನಡೆಗೆ ಸಿ6 ಕುದುರೆ ಎ5ಕ್ಕೆ ಹಾಕಿದೆ. ಅವರು ಪಾನ್ (ಕಾಲಾಳು) ಇ5ಕ್ಕೆ ತಳ್ಳಿದರು, ನಾನು ಎಫ್6 ಕುದುರೆ ಇ8ಕ್ಕೆ ಎಳೆದೆ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಒಂಟೆಯಲ್ಲಿ ಎಫ್7 ಹೊಡೆದು ಚೆಕ್ ಅಂದರು. ಪುಕ್ಕಟೆ ಒಂಟೆ ಅಂತ ರಾಜನಿಂದ ಹೊಡೆದೆ. ಆಮೇಲೆ ಅವರ ಡಿ4 ಕುದುರೆ ಇ6ಕ್ಕೆ ಬಂತು ನೋಡಿ, ಕಥೆ ಮುಗೀತು. ಆನೆಯಿಂದ ಹೊಡೆದಿದ್ದರೆ ಉಳೀತಿದ್ನಾ?

ಹಳೇಬೋರ್ಡ್:
ಇಲ್ಲ ಮಾರಾಯ, ಆಗಲೂ ಅದೇ ಕುದುರೆ ಇ6ಕ್ಕೇ ಬರುತ್ತೆ. ರಾಣಿಗೆ ಜಾಗವೇ ಇಲ್ಲ: ಸಿ7 ಆ ಕುದುರೆಯ ಕೈಲಿ, ಬಿ6 ಇ3 ಒಂಟೆಯ ಕೈಲಿ, ಎ5ರಲ್ಲಿ ನಿನ್ನದೇ ಕುದುರೆ ಕೂತಿದೆ. ಡಿ7 ಪಾನ್‌ನಿಂದ ಹೊಡೆದರೆ ಡಿ ಸಾಲು ಖಾಲಿ, ಅವರ ರಾಣಿ ನೇರ ನಿನ್ನ ರಾಣಿ ಮೇಲೆ. ನಾಚಿಕೆ ಬೇಡ, 1958ರಲ್ಲಿ ನ್ಯೂಯಾರ್ಕ್‌ನ ಅಮೆರಿಕನ್ ಚಾಂಪಿಯನ್‌ಶಿಪ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ರೆಶೆವ್‌ಸ್ಕಿ ಇದೇ ಗುಂಡಿಗೆ ಬಿದ್ದ. ತೋಡಿದ್ದು ಮುಂದೆ ವಿಶ್ವ ಚಾಂಪಿಯನ್ ಆದ ಬಾಬಿ ಫಿಶರ್, ಆಗ 15 ವರ್ಷ!

ಆನೆಗಾಲು:
ಫಿಶರ್ ಕಥೆ ಸರಿ, ಆದರೆ ಅವರು ಕೇಳಿದ್ದು ತಪ್ಪೆಲ್ಲಿ ಅಂತ ಅಲ್ವಾ? ಸಿ6 ಕುದುರೆ ಇ5 ಮನೆ ಕಾಯ್ತಾ ಇತ್ತು, ಅದನ್ನು ಎತ್ತಿ ಮೂಲೆಗೆ ಹಾಕಿದ ಕೂಡಲೇ ಇ5 ತಳ್ಳೋಕೆ ದಾರಿ ಬಿಟ್ಟ ಹಾಗಾಯ್ತು. 8ನೇ ನಡೆಗೆ ಡಿ6 ಆಡಿ ಸುಮ್ನೆ ಕೂತಿದ್ದರೆ ಮಾಮೂಲಿ ಡ್ರ್ಯಾಗನ್. ಇ5 ಬಂದ ಮೇಲೂ ಇ8ಕ್ಕೆ ಓಡಬಾರದಿತ್ತು, ಅಲ್ಲಿ ಕೂತು ಅದು ಆನೆ ಮತ್ತು ರಾಣಿ ನಡುವೆ ಗೋಡೆ ಕಟ್ಟಿತು. ಮೊದಲು ಬಿ3 ಒಂಟೆ ಹೊಡೆದುಬಿಡಬೇಕಿತ್ತು. ಗಲೀಜು ಆಟ ಆಗ್ತಿತ್ತು, ರಾಣಿ ಮಾತ್ರ ಉಳೀತಿತ್ತು.

ಕಪ್ಪುಕಾಯಿ:
ಅಯ್ಯೋ, ಹೊಡೆಯೋಕೇ ಅಂತ ಎ5ಕ್ಕೆ ಹೋದವನು ಹೊಡೆಯೋದನ್ನೇ ಮರೆತೆ! ರಾಜನಿಂದ ಇ6 ಕುದುರೆ ಹೊಡೆದಿದ್ದರೆ?

ಹಳೇಬೋರ್ಡ್:
ರಾಣಿ ಡಿ5ಕ್ಕೆ ಬಂದು ಚೆಕ್, ರಾಜ ಎಫ್5ಕ್ಕೆ ಹೋಗಲೇಬೇಕು, ಆಮೇಲೆ ಅವರ ಪಾನ್ ಜಿ4ಕ್ಕೆ. ಬೋರ್ಡ್ ನಡುವೆ ಬೆತ್ತಲೆ ರಾಜ, ಮೇಟ್ ಗ್ಯಾರಂಟಿ. ಅಂದಹಾಗೆ ರೆಶೆವ್‌ಸ್ಕಿ ರಾಣಿ ಕಳಕೊಂಡೂ 42ನೇ ನಡೆವರೆಗೆ ಎಳೆದ. ನೀನು?

ಕಪ್ಪುಕಾಯಿ:
13ನೇ ನಡೆಗೇ ಸೋಲೊಪ್ಪಿ ಕೈ ಕೊಟ್ಟೆ. ಮೇಷ್ಟ್ರ ಕಾಫಿ ಇನ್ನೂ ಬಿಸಿ ಇತ್ತು.